ಭಾನುವಾರದ ಆರಾಧನೆಯ ನೇರಪ್ರಸಾರ: ಕ್ಯಾಮೆರಾದ ಚಿತ್ರ ಎಲ್ಲಿ ನಿಂತಿದೆ ಎಂದು ಪತ್ತೆಹಚ್ಚುವುದು ಹೇಗೆ?

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗ ಬೆಂಗಳೂರಿನ ಚರ್ಚುಗಳೂ ಬಾಗಿಲು ಹಾಕಿದವು. ಆ ವರ್ಷದ ಈಸ್ಟರ್ ಏಪ್ರಿಲ್ 12ರಂದು ಬಂತು. ಖಾಲಿ ಬೆಂಚುಗಳ ಮುಂದೆ ಗುರುಗಳು ಬಲಿಪೂಜೆ ಅರ್ಪಿಸಿದರು, ಸಭಾಪಾಲಕರು ಪ್ರಸಂಗ ಮಾಡಿದರು. ಜನ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ನೋಡಿದರು. ಬಾಗಿಲು ತೆರೆದ ಮೇಲೂ ಅನೇಕ ಕಡೆ ಆ ಪ್ರಸಾರ ನಿಲ್ಲಲಿಲ್ಲ. ಮೆಟ್ಟಿಲು ಹತ್ತಲಾಗದ ಹಿರಿಯರು, ಆಸ್ಪತ್ರೆಯಲ್ಲಿ ಮಲಗಿರುವವರು, ಊರು ಬಿಟ್ಟು ದೂರ ದೇಶದಲ್ಲಿ ದುಡಿಯುವ ಮಕ್ಕಳು ಇವತ್ತಿಗೂ ಅದನ್ನೇ ನೆಚ್ಚಿಕೊಂಡಿದ್ದಾರೆ. ಕೀರ್ತನೆ ಕೇಳುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ, ಅವರ ಪಾಲಿಗೆ ಆ ಭಾನುವಾರ ಅರ್ಧಕ್ಕೇ ನಿಂತಂತೆ.

ಅಂದು ತರಾತುರಿಯಲ್ಲಿ ತಂತಿ ಎಳೆದು ವ್ಯವಸ್ಥೆ ಮಾಡಿಕೊಟ್ಟವರು ಇಂದು ಅದೇ ಸಭೆಯಲ್ಲಿ ಇದ್ದಾರೆ ಎನ್ನುವಂತಿಲ್ಲ. ಈಗ ಲ್ಯಾಪ್‌ಟಾಪ್ ಮುಂದೆ ಕೂರುವವರು ಯುವಜನರ ಸಂಘದ ಕಾಲೇಜು ಹುಡುಗ ಹುಡುಗಿಯರು, ಬಿಡುವಿದ್ದಾಗ ಬಂದು ಸೇವೆ ಮಾಡುವ ನಿವೃತ್ತರು. ಯಾವ ಪೆಟ್ಟಿಗೆ ಏನು ಮಾಡುತ್ತದೆ ಎಂದು ಅವರಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಚಿತ್ರ ಹೋದ ಕೂಡಲೇ ಎಲ್ಲ ಕೇಬಲ್ ಕಿತ್ತು ಮತ್ತೆ ಚುಚ್ಚುವುದು, ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡುವುದು ನಡೆಯುತ್ತದೆ. ಅದರಿಂದ ಕೆಲವೊಮ್ಮೆ ಚಿತ್ರ ಬಂದುಬಿಡುತ್ತದೆ. ಯಾಕೆ ಬಂತು ಎಂಬುದು ಮಾತ್ರ ತಿಳಿಯದೆ, ಮುಂದಿನ ವಾರ ಅದೇ ತೊಂದರೆ ಮತ್ತೆ ಎದುರಾಗುತ್ತದೆ.

ಚಿತ್ರ ಸಾಗುವ ದಾರಿ

ಕ್ಯಾಮೆರಾ ಪೀಠವನ್ನು ನೋಡುತ್ತದೆ. ಅದು ಕಂಡ ಚಿತ್ರ ಒಂದು ಕೇಬಲ್ಲಿನ ಮೂಲಕ ಹೊರಡುತ್ತದೆ. ಹೆಚ್ಚಿನ ಕಡೆ ಇದು ಎಚ್‌ಡಿಎಂಐ ಕೇಬಲ್, ಅಂದರೆ ನಮ್ಮ ಮನೆಯ ಟಿವಿಗೆ ಸೆಟ್‌ಟಾಪ್ ಬಾಕ್ಸ್ ಜೋಡಿಸುವ ಅದೇ ಕೇಬಲ್. ಅದರ ಇನ್ನೊಂದು ತುದಿ ಕ್ಯಾಪ್ಚರ್ ಕಾರ್ಡ್ ಎಂಬ ಸಣ್ಣ ಪೆಟ್ಟಿಗೆಗೆ ಸೇರುತ್ತದೆ. ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರ್ ಓದಬಲ್ಲ ರೂಪಕ್ಕೆ ತಂದು, ಯುಎಸ್‌ಬಿ ಮೂಲಕ ಒಳಗೆ ಕಳಿಸುವುದು ಈ ಪೆಟ್ಟಿಗೆಯ ಕೆಲಸ. ಕಂಪ್ಯೂಟರಿನಲ್ಲಿ ಓಬಿಎಸ್‌ನಂಥ ತಂತ್ರಾಂಶ ಆ ಚಿತ್ರಕ್ಕೆ ಧ್ವನಿ ಮತ್ತು ಕೀರ್ತನೆಯ ಸಾಲುಗಳನ್ನು ಸೇರಿಸಿ, ಇಂಟರ್‌ನೆಟ್‌ನಲ್ಲಿ ಹೋಗುವಷ್ಟು ಹಗುರ ಮಾಡಿ, ಯೂಟ್ಯೂಬ್ ಅಥವಾ ಫೇಸ್‌ಬುಕ್‌ಗೆ ರವಾನಿಸುತ್ತದೆ. ಅಲ್ಲಿಂದ ಅದು ನೋಡುವವರ ಮೊಬೈಲಿಗೆ ಬರುತ್ತದೆ.

ಬೆಂಗಳೂರಿನ ಮನೆಯಲ್ಲಿ ನಲ್ಲಿ ತಿರುಗಿಸಿ ನೀರು ಬಾರದಿದ್ದರೆ ನಾವು ಏನು ಮಾಡುತ್ತೇವೆ? ಮೇಲಿನ ಟ್ಯಾಂಕ್ ನೋಡುತ್ತೇವೆ. ಅಲ್ಲಿ ನೀರಿದ್ದರೆ ತೊಂದರೆ ಟ್ಯಾಂಕಿನಿಂದ ಈಚೆಗಿನ ಪೈಪಿನಲ್ಲಿದೆ. ಟ್ಯಾಂಕೂ ಖಾಲಿಯಿದ್ದರೆ ಸಂಪು ನೋಡುತ್ತೇವೆ. ಸಂಪು ತುಂಬಿದ್ದರೆ ಕೆಟ್ಟಿರುವುದು ಮೋಟಾರು, ಸಂಪೂ ಒಣಗಿದ್ದರೆ ಕಾವೇರಿ ನೀರು ಬಿಟ್ಟಿಲ್ಲ. ಕ್ಯಾಮೆರಾ ತೊಂದರೆಯನ್ನೂ ಹೀಗೆಯೇ ಹಂತ ಹಂತವಾಗಿ ನೋಡಬೇಕು. ಚಿತ್ರ ಯಾವ ಜಾಗದವರೆಗೆ ಬಂದಿದೆ, ಯಾವ ಜಾಗದ ನಂತರ ಇಲ್ಲ ಎಂದು ಗೊತ್ತಾದರೆ, ರಿಪೇರಿ ಮಾಡಬೇಕಾದದ್ದು ಆ ಎರಡರ ನಡುವಿನ ಒಂದೇ ಒಂದು ತುಂಡು. ಮುಂದಿನ ಎಲ್ಲ ವಿವರಣೆಯೂ ಆ ಜಾಗವನ್ನು ಕಂಡುಹಿಡಿಯುವುದರ ಬಗ್ಗೆಯೇ. ಒಂದು ಶಿಸ್ತು ಮಾತ್ರ ತಪ್ಪಬಾರದು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್, ಪೋರ್ಟ್, ಸೆಟ್ಟಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂದು ತಿಳಿಯುವುದೇ ಇಲ್ಲ.

ಕ್ಯಾಮೆರಾದಿಂದ ಚಿತ್ರ ಹೊರಡುತ್ತಿದೆಯೇ?

ಇದನ್ನು ತಿಳಿಯಲು ಲ್ಯಾಪ್‌ಟಾಪ್ ಬೇಡ. ಒಂದು ಟಿವಿಯನ್ನೋ ಮಾನಿಟರನ್ನೋ ಕ್ಯಾಮೆರಾ ಹತ್ತಿರ ಇಟ್ಟು, ಗಿಡ್ಡ ಎಚ್‌ಡಿಎಂಐ ಕೇಬಲ್‌ನಿಂದ ನೇರವಾಗಿ ಜೋಡಿಸಿ. ಚಿತ್ರ ಬಂದರೆ ಕ್ಯಾಮೆರಾ ಆರೋಗ್ಯವಾಗಿದೆ. ಇಷ್ಟು ಸುಲಭದ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಓಬಿಎಸ್ ಸೆಟ್ಟಿಂಗ್‌ಗಳಲ್ಲಿ ಹುಡುಕಾಡುವವರೇ ಹೆಚ್ಚು.

ಟಿವಿಯಲ್ಲೂ ಬಾರದಿದ್ದರೆ ಕ್ಯಾಮೆರಾದ ಮೆನು ನೋಡಿ. ಫೋಟೋ ತೆಗೆಯುವ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಎಚ್‌ಡಿಎಂಐ ಔಟ್‌ಪುಟ್‌ಗೆಂದೇ ಒಂದು ಪುಟವಿರುತ್ತದೆ. ಕೆಲವು ಮಾದರಿಗಳಲ್ಲಿ ಗುಂಡಿಯನ್ನು ವಿಡಿಯೋ ಕಡೆಗೆ ತಿರುಗಿಸಿದರೆ ಮಾತ್ರ ಸರಿಯಾದ ಚಿತ್ರ ಹೊರಬರುತ್ತದೆ. ಚಿತ್ರದ ಜೊತೆಗೆ ಬ್ಯಾಟರಿ ಗುರುತು, ಫೋಕಸ್ ಚೌಕ ಎಲ್ಲವೂ ಪ್ರಸಾರದಲ್ಲಿ ಕಾಣುತ್ತಿದ್ದರೆ, ಅದೇ ಪುಟದಲ್ಲಿ ಎಚ್‌ಡಿಎಂಐ ಮಾಹಿತಿ ತೋರಿಸುವ ಆಯ್ಕೆಯನ್ನು ಆಫ್ ಮಾಡಿ.

ಇನ್ನೊಂದು ಸಂಗತಿ ಕ್ಯಾಮೆರಾದ ಸಣ್ಣ ಪೋರ್ಟ್. ಟಿವಿಯಲ್ಲಿರುವುದು ದೊಡ್ಡ ಎಚ್‌ಡಿಎಂಐ. ಕ್ಯಾಮೆರಾಗಳಲ್ಲಿ ಹಲವು ಸಲ ಮಿನಿ ಅಥವಾ ಮೈಕ್ರೋ ಎಚ್‌ಡಿಎಂಐ ಇರುತ್ತದೆ. ಮೈಕ್ರೋ ತೀರಾ ನಾಜೂಕು. ಭಾರವಾದ ಕೇಬಲ್ ಅದರಿಂದ ಜೋತಾಡುತ್ತಿದ್ದರೆ ಪ್ಲಗ್ ಸ್ವಲ್ಪ ಸಡಿಲಗೊಂಡು, ಯಾರಾದರೂ ಸ್ಟ್ಯಾಂಡ್ ಪಕ್ಕ ನಡೆದಾಗಲೆಲ್ಲ ಚಿತ್ರ ಮಿಣುಕುತ್ತದೆ. ಕೇಬಲ್ಲಿನ ಭಾರ ಪೋರ್ಟಿನ ಮೇಲೆ ಬೀಳದಂತೆ ಟ್ರೈಪಾಡ್‌ ಕಾಲಿಗೆ ಒಂದು ಸುತ್ತು ಸುತ್ತಿ ಕಟ್ಟಿದರೆ ಸಾಕು.

ಪ್ರಸಂಗದ ನಡುವೆ, ಪ್ರತಿ ವಾರ ಹೆಚ್ಚುಕಡಿಮೆ ಅದೇ ಹೊತ್ತಿಗೆ ಚಿತ್ರ ಹೋಗುತ್ತಿದ್ದರೆ ಕೇಬಲ್ಲಿನ ಮೇಲೆ ಅನುಮಾನ ಬೇಡ. ಗುಂಡಿ ಒತ್ತದೆ ಬಿಟ್ಟರೆ ತಾನೇ ನಿದ್ದೆಗೆ ಜಾರುವ ಆಟೋ ಪವರ್ ಆಫ್ ವ್ಯವಸ್ಥೆ ಅದಕ್ಕೆ ಕಾರಣವಿರಬಹುದು; ಅದನ್ನು ಆಫ್ ಮಾಡಬೇಕು. ಕ್ಯಾಮೆರಾ ಬಿಸಿಯೇರಿ ನಿಂತಿರಬಹುದು, ಬ್ಯಾಟರಿ ಮುಗಿದಿರಬಹುದು. ಬ್ಯಾಟರಿಯ ಜಾಗದಲ್ಲಿ ಕೂರುವ, ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಕೊಡುವ ಡಮ್ಮಿ ಬ್ಯಾಟರಿ ಸಿಗುತ್ತದೆ. ದೀರ್ಘ ಆರಾಧನೆಗೆ ಅದು ಬೇಕೇ ಬೇಕು.

ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟ್ ಒಳಬಾಗಿಲಲ್ಲ

ಹೊಸಬರಿಗೆ ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ಕ್ಯಾಮೆರಾದಲ್ಲಿ ಎಚ್‌ಡಿಎಂಐ ಇದೆ, ಲ್ಯಾಪ್‌ಟಾಪಿನಲ್ಲೂ ಇದೆ, ಹಾಗಾದರೆ ಎರಡನ್ನೂ ನೇರ ಜೋಡಿಸಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಸಾಮಾನ್ಯ ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟ್ ಚಿತ್ರವನ್ನು ಹೊರಗೆ ಕಳಿಸಲು ಮಾತ್ರ ಇರುವುದು, ಪ್ರೊಜೆಕ್ಟರಿಗೋ ಟಿವಿಗೋ. ಕ್ಯಾಮೆರಾ ಕೂಡ ಹೊರಗೇ ಕಳಿಸುತ್ತದೆ. ಎರಡೂ ಕಳಿಸುವವೇ ಆದರೆ ಪಡೆಯುವವರು ಯಾರೂ ಇಲ್ಲ. ಏನೂ ಸುಡುವುದಿಲ್ಲ, ಕೆಡುವುದಿಲ್ಲ. ಚಿತ್ರ ಮಾತ್ರ ಬರುವುದಿಲ್ಲ. ಕ್ಯಾಪ್ಚರ್ ಕಾರ್ಡ್ ಬೇಕಾಗುವುದು ಈ ಕಾರಣಕ್ಕೆ.

ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್‌ನಿಂದ ನೇರವಾಗಿ ಜೋಡಿಸಿದರೆ ಹಲವು ಕ್ಯಾಮೆರಾಗಳು ಪೆನ್‌ಡ್ರೈವ್‌ನಂತೆ ಒಳಗಿನ ಫೋಟೋಗಳನ್ನಷ್ಟೇ ತೋರಿಸುತ್ತವೆ. ಕೆಲವು ಹೊಸ ಮಾದರಿಗಳ ಮೆನುವಿನಲ್ಲಿ ಯುಎಸ್‌ಬಿ ಸ್ಟ್ರೀಮಿಂಗ್ ಎಂಬ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ಕಾರ್ಡ್ ಇಲ್ಲದೆಯೂ ವೆಬ್‌ಕ್ಯಾಮ್‌ನಂತೆ ಕೆಲಸ ಮಾಡುತ್ತವೆ.

ಕೇಬಲ್ ಎಷ್ಟು ಉದ್ದ?

ನಮ್ಮ ಚರ್ಚುಗಳಲ್ಲಿ ಇದು ದೊಡ್ಡ ವಿಷಯ. ಕ್ಯಾಮೆರಾ ಪೀಠದ ಕಡೆ ಇರುತ್ತದೆ, ಲ್ಯಾಪ್‌ಟಾಪ್ ಹಿಂದೆ, ಗಾಯನ ಮಂಡಳಿ ನಿಲ್ಲುವ ಮೇಲಿನ ಬಾಲ್ಕನಿಯಲ್ಲಿ. ಕೇಬಲ್ ನೆಲದ ಮೇಲೆ ಹರಿದರೆ ಪ್ರಸಾದಕ್ಕೆ ಸಾಲಾಗಿ ಬರುವವರ ಕಾಲಿಗೆ ಸಿಕ್ಕುತ್ತದೆ. ಆದ್ದರಿಂದ ಗೋಡೆಯ ಗುಂಟ ಸುತ್ತಿ ತರಬೇಕು, ಉದ್ದ ಸುಲಭವಾಗಿ 30 ಮೀಟರ್ ಮುಟ್ಟುತ್ತದೆ.

ಸಾಮಾನ್ಯ ತಾಮ್ರದ ಎಚ್‌ಡಿಎಂಐ ಕೇಬಲ್ ಇಷ್ಟು ದೂರಕ್ಕೆ ಮಾಡಿದ್ದಲ್ಲ. ದೂರ ಹೆಚ್ಚಿದಂತೆ ಸಿಗ್ನಲ್ ಸೊರಗುತ್ತದೆ. 10 ಮೀಟರ್ ದಾಟಿದ ಮೇಲೆ ಕೇಬಲ್ಲಿನ ಗುಣಮಟ್ಟದ ಮೇಲೆ ಎಲ್ಲವೂ ನಿಂತಿರುತ್ತದೆ. 15 ಮೀಟರ್ ಆಚೆ ಅದನ್ನು ನಂಬಿ ಕೂರುವಂತಿಲ್ಲ. ಸಿಗ್ನಲ್ ಸೊರಗಿದಾಗ ಚಿತ್ರ ಮಸುಕಾಗುವುದಿಲ್ಲ. ಅಲ್ಲಲ್ಲಿ ಬಿಳಿ ಚುಕ್ಕೆ ಮಿನುಗುತ್ತವೆ, ಒಂದೆರಡು ಸೆಕೆಂಡ್ ಕಪ್ಪಾಗಿ ಮರಳುತ್ತದೆ, ಇಲ್ಲವೇ ಪೂರ್ತಿ ಮಾಯವಾಗುತ್ತದೆ. ಚುಕ್ಕೆಗಳು ಕಂಡರೆ ಕೇಬಲ್ ತನ್ನ ಮಿತಿ ಮುಟ್ಟಿದೆ ಎಂದೇ ತಿಳಿಯಿರಿ. ಕ್ಯಾಮೆರಾವನ್ನು 1080ಪಿ (1920×1080 ಅಳತೆ) 50 ಫ್ರೇಮ್‌ನಿಂದ, ಅಂದರೆ ಸೆಕೆಂಡಿಗೆ 50 ಚಿತ್ರದಿಂದ, 25ಕ್ಕೆ ಇಳಿಸಿದಾಗ ಚುಕ್ಕೆ ನಿಂತರೆ ಆ ಅನುಮಾನ ಖಚಿತ, ಏಕೆಂದರೆ ಫ್ರೇಮ್ ಕಡಿಮೆಯಾದಾಗ ಕೇಬಲ್ ಮೇಲಿನ ಹೊರೆಯೂ ಇಳಿಯುತ್ತದೆ.

ದೂರಕ್ಕೆ ಎರಡು ದಾರಿಗಳಿವೆ. ಒಂದು, ಒಳಗೆ ಗಾಜಿನ ಎಳೆ ಇರುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್. ಇದು ಬಹಳ ದೂರ ಸಾಗುತ್ತದೆ, ಆದರೆ ಇದಕ್ಕೆ ದಿಕ್ಕು ಇದೆ. ಒಂದು ತುದಿಯಲ್ಲಿ ಸೋರ್ಸ್, ಇನ್ನೊಂದರಲ್ಲಿ ಡಿಸ್‌ಪ್ಲೇ ಎಂದು ಬರೆದಿರುತ್ತದೆ. ಸೋರ್ಸ್ ತುದಿಯೇ ಕ್ಯಾಮೆರಾಗೆ ಹೋಗಬೇಕು. ತಿರುವುಮುರುವಾದರೆ ಎಷ್ಟೇ ಹೊಸ ಕೇಬಲ್ ಆದರೂ ಚಿತ್ರ ಬಾರದು. ಇನ್ನೊಂದು ದಾರಿ ಎಸ್‌ಡಿಐ. ಟಿವಿ ವಾಹಿನಿಗಳವರು ಬಳಸುವ, ಕೇಬಲ್ ಟಿವಿಯ ವೈರ್ ತರಹದ ದಪ್ಪ ತಂತಿ ಇದು. ತುದಿಯಲ್ಲಿ ತಿರುಗಿಸಿ ಬಿಗಿಮಾಡುವ ಬಿಎನ್‌ಸಿ ಪ್ಲಗ್ ಇರುವುದರಿಂದ ಎಳೆದರೂ ಕಳಚುವುದಿಲ್ಲ. ಒಳ್ಳೆಯ ತಂತಿಯಿದ್ದರೆ ಪೂರ್ಣ ಎಚ್‌ಡಿ ಚಿತ್ರ ಸುಮಾರು 100 ಮೀಟರ್‌ವರೆಗೂ ಹೋಗುತ್ತದೆ. ಎಚ್‌ಡಿಎಂಐ ಮಾತ್ರ ಇರುವ ಕ್ಯಾಮೆರಾಗೆ ಒಂದು ಪುಟ್ಟ ಪರಿವರ್ತಕ ಬೇಕಾಗುತ್ತದೆ. ಆ ಪರಿವರ್ತಕಕ್ಕೂ ಅದರದ್ದೇ ಅಡಾಪ್ಟರ್ ಇರುತ್ತದೆ. ಭಾನುವಾರ ಬೆಳಿಗ್ಗೆ ಯಾರೋ ಮೊಬೈಲ್ ಚಾರ್ಜ್ ಮಾಡಲು ಆ ಅಡಾಪ್ಟರನ್ನು ಕಿತ್ತಿದ್ದಾರೆಯೇ ಎಂದೂ ನೋಡಬೇಕು!

ಎಸ್‌ಪಿ ರೋಡಿಗೆ ಕೇಬಲ್ ತರಲು ಹೋಗುವ ಮೊದಲು ದಾರದಿಂದ ಗೋಡೆಗುಂಟ ಅಳೆದುಕೊಂಡು ಹೋಗಿ. ಉದ್ದ ಸಾಲದೆಂದು ಎರಡು ಕೇಬಲ್‌ಗಳನ್ನು ನಡುವೆ ಜಾಯಿನರ್ ಹಾಕಿ ಸೇರಿಸಿದರೆ, ಸಿಗ್ನಲ್ ಮೊದಲು ಕೈಕೊಡುವುದು ಆ ಜಾಯಿನರ್‌ನಲ್ಲಿಯೇ. ಫ್ಯಾನು, ದೀಪಗಳ ಕರೆಂಟ್ ವೈರಿನ ಜೊತೆಗೇ ಈ ಕೇಬಲ್ಲನ್ನು ಕಟ್ಟಿ ಎಳೆಯುವುದೂ ಒಳ್ಳೆಯದಲ್ಲ.

ಪ್ರೊಜೆಕ್ಟರಿಗೂ ಬೇಕು, ಯೂಟ್ಯೂಬಿಗೂ ಬೇಕು

ಒಂದೇ ಕ್ಯಾಮೆರಾದ ಚಿತ್ರವನ್ನು ಹೊರಗಿನ ಪಂಡಾಲಿನ ಪರದೆಗೂ ಪ್ರಸಾರಕ್ಕೂ ಕೊಡಲು ಸ್ಪ್ಲಿಟರ್ ಹಾಕುವುದು ವಾಡಿಕೆ. ಒಂದು ಒಳಗೆ, ಎರಡು ಹೊರಗೆ. ಇದನ್ನು ಹಾಕಿದ ದಿನದಿಂದ ಓಬಿಎಸ್‌ನಲ್ಲಿ ಚಿತ್ರ ವಿಚಿತ್ರ ಅಳತೆಗೆ ಇಳಿದರೆ ಅಥವಾ ಬಾರದೇ ಹೋದರೆ ಅದಕ್ಕೊಂದು ಕಾರಣವಿದೆ.

ಎಚ್‌ಡಿಎಂಐನಲ್ಲಿ ಮಾತು ಎರಡೂ ಕಡೆಯಿಂದ ನಡೆಯುತ್ತದೆ. ಪ್ಲಗ್ ಕೂರಿಸಿದ ಕೂಡಲೇ ಟಿವಿಯೋ ಪ್ರೊಜೆಕ್ಟರೋ ತನಗೆ ಯಾವ ಯಾವ ಅಳತೆಯ ಚಿತ್ರ ತೋರಿಸಲು ಬರುತ್ತದೆ ಎಂಬ ಪಟ್ಟಿಯನ್ನು ಕ್ಯಾಮೆರಾಗೆ ಕೊಡುತ್ತದೆ. ಈ ಪಟ್ಟಿಯ ಹೆಸರು ಇಡಿಐಡಿ. ಅದನ್ನು ಓದಿ ಕ್ಯಾಮೆರಾ ತಾನು ಕಳಿಸುವ ಅಳತೆ ನಿರ್ಧರಿಸುತ್ತದೆ. ಸ್ಪ್ಲಿಟರ್ ಬಂದಾಗ ಎರಡು ಪಟ್ಟಿಗಳಿರುತ್ತವೆ. ಹಳೆಯ ಪ್ರೊಜೆಕ್ಟರ್ 1024×768 ಅಳತೆಯದಾಗಿದ್ದರೆ, ಸ್ಪ್ಲಿಟರ್ ಅದರ ಪಟ್ಟಿಯನ್ನೇ ಮುಂದೆ ದಾಟಿಸಬಹುದು; ಆಗ ಕ್ಯಾಪ್ಚರ್ ಕಾರ್ಡಿಗೆ ಬೇಕಾದ 1920×1080 ಚಿತ್ರ ಹೊರಡುವುದೇ ಇಲ್ಲ. ಪರೀಕ್ಷೆ ಸರಳ: ಸ್ಪ್ಲಿಟರ್ ತೆಗೆದು ಕ್ಯಾಮೆರಾವನ್ನು ನೇರ ಕಾರ್ಡಿಗೆ ಕೊಡಿ. ಚಿತ್ರ ಸರಿಯಾದರೆ ತೊಂದರೆ ಅಲ್ಲಿಯೇ ಇತ್ತು. ಇಡಿಐಡಿಯನ್ನು 1080ಪಿಗೆ ನಿಗದಿ ಮಾಡುವ ಸಣ್ಣ ಸ್ವಿಚ್ ಇರುವ ಸ್ಪ್ಲಿಟರ್‌ಗಳು ಸಿಗುತ್ತವೆ. ಕ್ಯಾಮೆರಾದ ಮೆನುವಿನಲ್ಲಿ ಎಚ್‌ಡಿಎಂಐ ಅಳತೆಯನ್ನು ಆಟೋ ಬದಲು 1080ಪಿ ಎಂದು ಗಟ್ಟಿ ಮಾಡಿದರೂ ಹಲವು ಸಲ ಸರಿಹೋಗುತ್ತದೆ. ಆನ್ ಮಾಡುವ ಕ್ರಮವೂ ಮುಖ್ಯ: ಮೊದಲು ಪ್ರೊಜೆಕ್ಟರ್ ಮತ್ತು ಕಾರ್ಡ್, ಆಮೇಲೆ ಸ್ಪ್ಲಿಟರ್, ಕೊನೆಗೆ ಕ್ಯಾಮೆರಾ. ಕ್ಯಾಮೆರಾ ಎದ್ದಾಗ ಪಟ್ಟಿ ಕೊಡುವವರು ಎಚ್ಚರವಿರಬೇಕು.

ಓಬಿಎಸ್‌ನಲ್ಲಿ ಕಪ್ಪು ಚೌಕ

ಕಾರ್ಡಿನವರೆಗೆ ಚಿತ್ರ ಬಂದಿದೆ, ಓಬಿಎಸ್‌ನಲ್ಲಿ ಇಲ್ಲ. ಈಗ ನೋಡಬೇಕಾದದ್ದು ವಿಡಿಯೋ ಕ್ಯಾಪ್ಚರ್ ಡಿವೈಸ್ ಎಂಬ ಸೋರ್ಸ್. ಅದರ ಪ್ರಾಪರ್ಟೀಸ್ ತೆರೆದರೆ ಸಾಧನಗಳ ಪಟ್ಟಿ ಕಾಣುತ್ತದೆ. ಆ ಪಟ್ಟಿಯಲ್ಲಿ ಕಾರ್ಡಿನ ಹೆಸರೇ ಇಲ್ಲದಿದ್ದರೆ ತೊಂದರೆ ಯುಎಸ್‌ಬಿ ಕಡೆ. ಹೆಸರಿದೆ, ಆದರೆ ಬಣ್ಣದ ಪಟ್ಟಿಗಳೋ ನೋ ಸಿಗ್ನಲ್ ಎಂಬ ಬರಹವೋ ಕಾಣುತ್ತಿದೆ ಎಂದರೆ ಯುಎಸ್‌ಬಿ ಸರಿಯಿದೆ, ಎಚ್‌ಡಿಎಂಐ ಕಡೆಯಿಂದ ಏನೂ ಬರುತ್ತಿಲ್ಲ. ಇಷ್ಟನ್ನು ಗಮನಿಸಿದರೆ ಹುಡುಕಾಟ ಅರ್ಧ ಮುಗಿದಂತೆ. ಕಾರ್ಡಿನ ಬದಲು ಲ್ಯಾಪ್‌ಟಾಪಿನ ಸ್ವಂತ ವೆಬ್‌ಕ್ಯಾಮ್ ಆಯ್ಕೆಯಾಗಿ, ಅದರ ಮುಚ್ಚಳ ಹಾಕಿದ್ದರಿಂದ ಕಪ್ಪು ಕಾಣುವುದೂ ಉಂಟು.

ಹೆಸರೂ ಇದೆ, ಪೂರ್ತಿ ಕಪ್ಪು ಎಂದಾದರೆ, ಬೇರೆ ಯಾವುದೋ ಪ್ರೋಗ್ರಾಂ ಆ ಕಾರ್ಡನ್ನು ಹಿಡಿದುಕೊಂಡಿದೆಯೇ ನೋಡಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಒಂದು ಕ್ಯಾಮೆರಾವನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಬಳಸಬಹುದು. ಹಿಂದಿನ ದಿನದ ಬೈಬಲ್ ಅಧ್ಯಯನಕ್ಕೆ ತೆರೆದ ಝೂಮ್ ಇನ್ನೂ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಓಬಿಎಸ್‌ಗೆ ಚಿತ್ರ ಸಿಗದು. ಅದನ್ನು ಪೂರ್ತಿ ಮುಚ್ಚಿ, ಪ್ರಾಪರ್ಟೀಸ್‌ನಲ್ಲಿ ಡಿಆಕ್ಟಿವೇಟ್ ಒತ್ತಿ ಮತ್ತೆ ಆಕ್ಟಿವೇಟ್ ಮಾಡಿ. ವಿಂಡೋಸ್‌ ಸೆಟ್ಟಿಂಗ್ಸ್‌ನ ಪ್ರೈವಸಿ ಪುಟದಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಕ್ಯಾಮೆರಾ ಅನುಮತಿ ಇದೆಯೇ ಎಂಬುದನ್ನೂ ಒಮ್ಮೆ ನೋಡಿ.

ಚಿತ್ರ ಬರುತ್ತದೆ, ಆದರೆ ಎಳೆದೆಳೆದು ಓಡುತ್ತದೆ ಎಂದರೆ ಯುಎಸ್‌ಬಿ ಪೋರ್ಟ್ ಬದಲಿಸಿ. ಇದರ ಹಿಂದೆ ಒಂದು ಲೆಕ್ಕವಿದೆ. 1920×1080 ಚಿತ್ರದಲ್ಲಿ ಸುಮಾರು 20.7 ಲಕ್ಷ ಬಿಂದುಗಳಿರುತ್ತವೆ. ಒಂದೊಂದಕ್ಕೆ ಎರಡು ಬೈಟ್, ಸೆಕೆಂಡಿಗೆ 30 ಚಿತ್ರ ಎಂದರೂ ಸೆಕೆಂಡಿಗೆ ಸುಮಾರು 995 ಮೆಗಾಬಿಟ್ ಆಯಿತು. ಯುಎಸ್‌ಬಿ 2.0ರ ಗರಿಷ್ಠ ವೇಗ 480 ಮೆಗಾಬಿಟ್. ಇಷ್ಟು ಅದರಲ್ಲಿ ಹಿಡಿಸದು. ಯುಎಸ್‌ಬಿ 3.0ರ ವೇಗ 5 ಗಿಗಾಬಿಟ್, ಆರಾಮಾಗಿ ಹಿಡಿಸುತ್ತದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದರ ಪೋರ್ಟ್ ಒಳಗೆ ನೀಲಿ ಬಣ್ಣ ಇರುತ್ತದೆ. ಅಗ್ಗದ ಕಾರ್ಡುಗಳು ಯುಎಸ್‌ಬಿ 2.0 ಆದ್ದರಿಂದ ಚಿತ್ರವನ್ನು ಹಿಂಡಿ ಕಳಿಸುತ್ತವೆ. ಅವುಗಳಿಗೆ ಓಬಿಎಸ್‌ನಲ್ಲಿ ವಿಡಿಯೋ ಫಾರ್ಮ್ಯಾಟ್ ಎಂಜೆಪೆಗ್ ಎಂದು ಆರಿಸಬೇಕು. ಪೆಟ್ಟಿಗೆಯ ಮೇಲೆ 4ಕೆ ಎಂದು ದೊಡ್ಡದಾಗಿ ಬರೆದಿದ್ದರೂ, ಅದು ಒಳಗೆ ಸ್ವೀಕರಿಸುವ ಅಳತೆ ಮಾತ್ರ ಆಗಿರಬಹುದು, ಕಂಪ್ಯೂಟರಿಗೆ ಕೊಡುವುದು 1080ಪಿ ಇರಬಹುದು. ಕೊಳ್ಳುವಾಗ ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಕೀಬೋರ್ಡ್, ಮೌಸ್, ಪೆನ್‌ಡ್ರೈವ್ ಎಲ್ಲ ನೇತಾಡುವ ಹಬ್‌ಗೆ ಕಾರ್ಡನ್ನು ಚುಚ್ಚಬೇಡಿ, ಲ್ಯಾಪ್‌ಟಾಪಿಗೇ ನೇರ ಕೊಡಿ.

ಪರದೆಯ ಮೇಲೆ ಅಡ್ಡಪಟ್ಟಿಗಳು ಹರಿದಾಡುತ್ತಿದ್ದರೆ

ಇದು ಕನೆಕ್ಷನ್ ದೋಷದಂತೆ ಕಂಡರೂ ಅಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್. ಕ್ಯಾಮೆರಾ ಎನ್‌ಟಿಎಸ್‌ಸಿಯಲ್ಲಿ, ಅಂದರೆ 30 ಅಥವಾ 60 ಫ್ರೇಮ್‌ನಲ್ಲಿದ್ದರೆ ಎಲ್‌ಇಡಿ ಮತ್ತು ಟ್ಯೂಬ್‌ಲೈಟ್‌ಗಳ ಮಿಣುಕು ಪಟ್ಟಿಗಳಾಗಿ ಕಾಣುತ್ತದೆ. ಮೆನುವಿನಲ್ಲಿ ಪ್ಯಾಲ್ ಆರಿಸಿ, 25 ಅಥವಾ 50 ಫ್ರೇಮ್ ಇಟ್ಟು, ಶಟರ್ 1/50 ಮಾಡಿ. ಓಬಿಎಸ್‌ನಲ್ಲೂ ಅದೇ ಫ್ರೇಮ್ ಸಂಖ್ಯೆ ಇಡಿ.

ನೆಟ್‌ವರ್ಕ್ ಕ್ಯಾಮೆರಾ: ಕರೆಂಟ್ ಹೋಗಿ ಬಂದ ಮೇಲೆ ಕಾಣೆ

ಇತ್ತೀಚೆಗೆ ಅನೇಕ ಚರ್ಚುಗಳಲ್ಲಿ ಗೋಡೆಗೆ ಕೂರಿಸಿದ, ರಿಮೋಟಿನಿಂದ ತಿರುಗುವ ಪಿಟಿಜೆಡ್ ಕ್ಯಾಮೆರಾಗಳು ಬಂದಿವೆ. ಇವುಗಳ ಚಿತ್ರ ಎಚ್‌ಡಿಎಂಐ ಬದಲು ನೆಟ್‌ವರ್ಕ್ ಕೇಬಲ್‌ನಲ್ಲಿ ಬರಬಹುದು. ಹಾಗಿದ್ದರೆ ಕ್ಯಾಪ್ಚರ್ ಕಾರ್ಡ್ ಬೇಡ. ಕ್ಯಾಮೆರಾ ಮತ್ತು ಕಂಪ್ಯೂಟರ್ ಎರಡೂ ಒಂದೇ ರೂಟರಿಗೆ ಸೇರಿರಬೇಕು ಅಷ್ಟೇ. ಒಂದು ಕೇಬಲ್ 100 ಮೀಟರ್ ದೂರ ಹೋಗುತ್ತದೆ. ನೆಟ್‌ವರ್ಕ್ ಕೇಬಲ್‌ಗಳನ್ನು ಒಟ್ಟಿಗೆ ಸೇರಿಸುವ ಸ್ವಿಚ್ ಎಂಬ ಪೆಟ್ಟಿಗೆಯಲ್ಲಿ ಪಿಓಇ ಸೌಲಭ್ಯವಿದ್ದರೆ ಅದೇ ಕೇಬಲ್ ಕ್ಯಾಮೆರಾಗೆ ವಿದ್ಯುತ್ತನ್ನೂ ಒಯ್ಯುತ್ತದೆ. ಸ್ವಿಚ್ ಬದಲಿಸಿದ ಮೇಲೆ ಕ್ಯಾಮೆರಾದ ದೀಪವೇ ಉರಿಯುತ್ತಿಲ್ಲ ಎಂದರೆ ಹೊಸ ಸ್ವಿಚ್‌ನಲ್ಲಿ ಪಿಓಇ ಇಲ್ಲ ಎಂದರ್ಥ.

ನೆಟ್‌ವರ್ಕ್‌ನಲ್ಲಿ ಪ್ರತಿಯೊಂದು ಸಾಧನಕ್ಕೂ ಐಪಿ ವಿಳಾಸ ಎಂಬ ಸಂಖ್ಯೆ ಇರುತ್ತದೆ, 192.168.1.50 ಎಂಬಂತೆ. ಓಬಿಎಸ್ ಕ್ಯಾಮೆರಾವನ್ನು ಹುಡುಕುವುದು ಈ ಸಂಖ್ಯೆಯಿಂದ. ಸಾಮಾನ್ಯವಾಗಿ ಈ ಸಂಖ್ಯೆಯನ್ನು ಹಂಚುವುದು ರೂಟರ್, ಮತ್ತು ಅದು ಪ್ರತಿ ಸಲವೂ ಅದೇ ಸಂಖ್ಯೆ ಕೊಡುತ್ತದೆ ಎಂಬ ಖಾತ್ರಿಯಿಲ್ಲ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಬೆಂಗಳೂರಿನಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ರೂಟರ್, ಕ್ಯಾಮೆರಾ ಎರಡೂ ಮತ್ತೆ ಎದ್ದಾಗ ಕ್ಯಾಮೆರಾಗೆ 50ರ ಬದಲು 53 ಸಿಕ್ಕಿರುತ್ತದೆ. ಓಬಿಎಸ್ ಮಾತ್ರ 50ರ ಬಾಗಿಲನ್ನೇ ಬಡಿಯುತ್ತಿರುತ್ತದೆ. ಕ್ಯಾಮೆರಾ ಕೆಟ್ಟಿಲ್ಲ, ಕೇಬಲ್ ಕೆಟ್ಟಿಲ್ಲ, ಆದರೂ ಪರದೆ ಕಪ್ಪು. ಶಾಶ್ವತ ಪರಿಹಾರವೆಂದರೆ ರೂಟರಿನ ಪುಟದಲ್ಲಿ ಆ ಕ್ಯಾಮೆರಾಗೆ ಒಂದು ವಿಳಾಸವನ್ನು ಕಾಯ್ದಿರಿಸುವುದು. ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಮೇಜಿಗೆ ಅಂಟಿಸಿಡಿ, ಮುಂದೆ ಬರುವವರಿಗೂ ಬೇಕಾಗುತ್ತದೆ.

ತೊಂದರೆ ಬಂದಾಗ ಹೀಗೆ ಹುಡುಕಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಿಂಗ್ ಆದೇಶದ ಜೊತೆ ಕ್ಯಾಮೆರಾದ ವಿಳಾಸ ಕೊಡಿ. ಉತ್ತರ ಬಂದರೆ ದಾರಿ ತೆರೆದಿದೆ. ಬಾರದಿದ್ದರೆ ಕೇಬಲ್, ವಿದ್ಯುತ್ ಅಥವಾ ವಿಳಾಸದ ತೊಂದರೆ. ಲ್ಯಾಪ್‌ಟಾಪ್ 192.168.0 ಸರಣಿಯಲ್ಲಿದ್ದು ಕ್ಯಾಮೆರಾ 192.168.1 ಸರಣಿಯಲ್ಲಿದ್ದರೂ ಸಾಮಾನ್ಯ ವ್ಯವಸ್ಥೆಯಲ್ಲಿ ಒಂದಕ್ಕೊಂದು ಕಾಣುವುದಿಲ್ಲ. ಪಿಂಗ್ ಸರಿಯಿದ್ದರೆ, ವಿಎಲ್‌ಸಿ ಪ್ಲೇಯರ್‌ನಲ್ಲಿ ಕ್ಯಾಮೆರಾದ ಆರ್‌ಟಿಎಸ್‌ಪಿ ಲಿಂಕ್ (ನೆಟ್‌ವರ್ಕ್‌ನಲ್ಲಿ ಅದರ ಚಿತ್ರ ಸಿಗುವ ವಿಳಾಸ) ತೆರೆದು ನೋಡಿ. ಅಲ್ಲಿ ಚಿತ್ರ ಬಂದರೆ ತಪ್ಪಿರುವುದು ಓಬಿಎಸ್‌ನ ಸೆಟ್ಟಿಂಗ್‌ನಲ್ಲಿ.

ಎನ್‌ಡಿಐ ಎಂಬ ಹೆಸರನ್ನೂ ನೀವು ಕೇಳಿರಬಹುದು. 2015ರಲ್ಲಿ ನ್ಯೂಟೆಕ್ ಕಂಪನಿ ತಂದ, ನೆಟ್‌ವರ್ಕ್ ಮೂಲಕವೇ ಒಳ್ಳೆಯ ಗುಣಮಟ್ಟದ ಚಿತ್ರ ಕಳಿಸುವ ವಿಧಾನ ಇದು. ಪೂರ್ಣ ಎನ್‌ಡಿಐಯಲ್ಲಿ 1080ಪಿ 60 ಫ್ರೇಮ್ ಚಿತ್ರಕ್ಕೆ 100 ಮೆಗಾಬಿಟ್‌ಗೂ ಹೆಚ್ಚು ಬೇಕು, ಹಾಗಾಗಿ ಗಿಗಾಬಿಟ್ ಸ್ವಿಚ್ ಇರಲೇಬೇಕು. ಸ್ವಿಚ್ ಗಿಗಾಬಿಟ್ ಆದರೂ ಚಿತ್ರ ತಡವರಿಸಿದರೆ ಕೇಬಲ್ಲಿನ ತುದಿ ನೋಡಿ: ಗಿಗಾಬಿಟ್‌ಗೆ ಒಳಗಿನ ಎಂಟೂ ತಂತಿ ಜೋಡಿಸಿರಬೇಕು. ಸಿಸಿಟಿವಿಗೆಂದು ನಾಲ್ಕೇ ತಂತಿ ಹಾಕಿ ಕ್ರಿಂಪ್ ಮಾಡಿದ್ದರೆ ವೇಗ 100 ಮೆಗಾಬಿಟ್‌ಗೇ ನಿಲ್ಲುತ್ತದೆ.

ಶನಿವಾರ ಚೆನ್ನಾಗಿತ್ತು, ಭಾನುವಾರ ಕೆಟ್ಟಿತು

ಓಬಿಎಸ್ ಕಿಟಕಿಯಲ್ಲಿ ಚಿತ್ರ ನುಣುಪಾಗಿ ಓಡುತ್ತಿದೆ, ಯೂಟ್ಯೂಬಿನಲ್ಲಿ ಮಾತ್ರ ನಿಂತು ನಿಂತು ಬರುತ್ತಿದೆ ಎಂದರೆ ಕ್ಯಾಮೆರಾ ಮುಟ್ಟಬೇಡಿ. ಓಬಿಎಸ್‌ನ ಸ್ಟ್ಯಾಟ್ಸ್ ಪುಟ ತೆರೆಯಿರಿ. ಡ್ರಾಪ್ಡ್ ಫ್ರೇಮ್ಸ್ ಏರುತ್ತಿದ್ದರೆ ಇಂಟರ್‌ನೆಟ್ ಸಾಲುತ್ತಿಲ್ಲ. ಎನ್‌ಕೋಡಿಂಗ್ ಲ್ಯಾಗ್ ಏರುತ್ತಿದ್ದರೆ ಲ್ಯಾಪ್‌ಟಾಪ್ ದಣಿದಿದೆ. ಬೇರೆ ಪ್ರೋಗ್ರಾಂ ಮುಚ್ಚಿ, ಅಳತೆಯನ್ನು 720ಪಿಗೆ ಇಳಿಸಿ.

ಪ್ರಸಾರಕ್ಕೆ ಬೇಕಾದದ್ದು ಅಪ್‌ಲೋಡ್ ವೇಗ. ವಿಡಿಯೋ ನೋಡಲು ಬಳಸುವ ಡೌನ್‌ಲೋಡ್ ವೇಗ ಇಲ್ಲಿ ಲೆಕ್ಕಕ್ಕಿಲ್ಲ. 1080ಪಿ, 25 ಅಥವಾ 30 ಫ್ರೇಮ್ ಚಿತ್ರಕ್ಕೆ 4500ರಿಂದ 6000 ಕೆಬಿಪಿಎಸ್ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಮಾಹಿತಿಯ ಪ್ರಮಾಣ) ಸಾಮಾನ್ಯ, ಕೀಫ್ರೇಮ್ ಅಂತರ, ಅಂದರೆ ಒಂದು ಪೂರ್ತಿ ಚಿತ್ರದಿಂದ ಮುಂದಿನ ಪೂರ್ತಿ ಚಿತ್ರಕ್ಕೆ ಇರುವ ಅಂತರ, 2 ಸೆಕೆಂಡ್. ಅಪ್‌ಲೋಡ್ ವೇಗ ಇದರ ಎರಡರಷ್ಟಾದರೂ ಇದ್ದರೆ ನೆಮ್ಮದಿ. ಪರೀಕ್ಷಿಸುವಾಗ ಒಂದು ವಿಷಯ ನೆನಪಿಡಿ. ಶನಿವಾರ ಸಂಜೆ ಚರ್ಚ್ ಖಾಲಿ. ಭಾನುವಾರ ನೂರಾರು ಮೊಬೈಲ್‌ಗಳು ಒಳಗೆ ಬಂದು ಅದೇ ವೈಫೈಗೆ ಸೇರಿಕೊಳ್ಳುತ್ತವೆ. ಕಾರ್ಪೊರೇಷನ್ ವೃತ್ತದ ಬಳಿಯ ಹಡ್ಸನ್ ಸ್ಮಾರಕ ದೇವಾಲಯದಂಥ ಹಳೆಯ ಕಲ್ಲಿನ ಕಟ್ಟಡಗಳಲ್ಲಿ ದಪ್ಪ ಗೋಡೆಗಳೇ ವೈಫೈಯನ್ನು ತಡೆಯುತ್ತವೆ. ಲ್ಯಾಪ್‌ಟಾಪಿಗೆ ರೂಟರಿನಿಂದ ನೇರ ಕೇಬಲ್ ಎಳೆದರೆ ಈ ಎರಡೂ ಕಾಟ ತಪ್ಪುತ್ತದೆ. ಪ್ರಸಾರದ ವೈಫೈ ಪಾಸ್‌ವರ್ಡನ್ನು ಎಲ್ಲರಿಗೂ ಹಂಚದಿರುವುದೂ ಅಷ್ಟೇ ಅಗತ್ಯ. ಮೊಬೈಲ್ ಹಾಟ್‌ಸ್ಪಾಟ್ ನೆಚ್ಚುವವರು ಹಬ್ಬದ ದಿನ ಇನ್ನೂ ಎಚ್ಚರವಿರಬೇಕು. ಸೆಪ್ಟೆಂಬರ್ 8ರಂದು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಸುತ್ತ ಸೇರುವಷ್ಟು ಜನ ಒಂದೆಡೆ ನೆರೆದಾಗ ಮೊಬೈಲ್ ಟವರಿನ ಸಾಮರ್ಥ್ಯ ಎಲ್ಲರಿಗೂ ಹಂಚಿಹೋಗುತ್ತದೆ.

ಚಿತ್ರವೇ ಹೋಗದೆ ಯೂಟ್ಯೂಬ್ ಕಾಯುತ್ತಲೇ ಇದ್ದರೆ ಸ್ಟ್ರೀಮ್ ಕೀ (ಯೂಟ್ಯೂಬ್ ಕೊಡುವ, ಓಬಿಎಸ್‌ನಲ್ಲಿ ಹಾಕುವ ಗುಪ್ತ ಸಂಕೇತ) ಹಳೆಯದಾಗಿರಬಹುದು. ಹೊಸ ಚಾನೆಲ್ ಆದರೆ, ಲೈವ್ ಸೌಲಭ್ಯ ಮೊದಲ ಸಲ ಚಾಲೂ ಆಗಲು 24 ಗಂಟೆವರೆಗೂ ಹಿಡಿಯಬಹುದು. ಗುಡ್ ಫ್ರೈಡೇ ಬೆಳಿಗ್ಗೆ ಅದನ್ನು ಶುರುಮಾಡಲು ಹೋಗಬೇಡಿ.

ಧ್ವನಿ ಮುಂದೆ, ತುಟಿ ಹಿಂದೆ

ಚಿತ್ರ ಕಾರ್ಡಿನಲ್ಲಿ ಸ್ವಲ್ಪ ತಡವಾಗುತ್ತದೆ, ಮೈಕ್‌ಗಳ ಧ್ವನಿ ಸೇರಿಸುವ ಮಿಕ್ಸರಿನಿಂದ ಬರುವ ಧ್ವನಿ ಬೇಗ ತಲುಪುತ್ತದೆ. ಓಬಿಎಸ್‌ನ ಅಡ್ವಾನ್ಸ್ಡ್ ಆಡಿಯೋ ಪುಟದಲ್ಲಿ ಸಿಂಕ್ ಆಫ್‌ಸೆಟ್ ಎಂಬಲ್ಲಿ ಮಿಲಿಸೆಕೆಂಡ್ ಹಾಕಿ ಧ್ವನಿಯನ್ನು ತಡಮಾಡಬಹುದು. ಯಾರಾದರೂ ಮೈಕ್ ಮುಂದೆ ಚಪ್ಪಾಳೆ ಹೊಡೆಯಲಿ, ಅದನ್ನು ರೆಕಾರ್ಡ್ ಮಾಡಿ, ಕೈ ಸೇರುವುದೂ ಸದ್ದೂ ಒಂದಾಗುವವರೆಗೆ ಹೊಂದಿಸಿ.

ಆರಾಧನೆಯ ನಡುವೆ ಚಿತ್ರ ಹೋದರೆ

ಕರ್ತನ ಭೋಜನ ನಡೆಯುತ್ತಿರುವಾಗ ಕೇಬಲ್ ಹಿಡಿದು ಪೀಠದ ಬಳಿ ಓಡಾಡುವುದು ಸಲ್ಲದು. ಅದಕ್ಕೆ ಮೊದಲೇ ಓಬಿಎಸ್‌ನಲ್ಲಿ ಎರಡನೆಯ ಸೀನ್ ಒಂದನ್ನು ಮಾಡಿಡಿ: ಚರ್ಚಿನ ಒಂದು ಸ್ಥಿರಚಿತ್ರ, ಜೊತೆಗೆ ಮಿಕ್ಸರಿನ ಧ್ವನಿ. ಕ್ಯಾಮೆರಾ ಕೈಕೊಟ್ಟ ಕ್ಷಣ ಆ ಸೀನ್‌ಗೆ ಬದಲಿಸಿದರೆ ಪ್ರಾರ್ಥನೆ, ಕೀರ್ತನೆ ಮನೆಯವರಿಗೆ ಕೇಳುತ್ತಲೇ ಇರುತ್ತದೆ, ನೀವು ಮೌನವಾಗಿ ತೊಂದರೆ ಹುಡುಕಬಹುದು. ಕ್ಯಾಮೆರಾದಲ್ಲೇ ಮೆಮೊರಿ ಕಾರ್ಡಿಗೆ ರೆಕಾರ್ಡಿಂಗ್ ನಡೆಯುತ್ತಿದ್ದರೆ, ನಡುವೆ ತಪ್ಪಿಹೋದ ಭಾಗವನ್ನು ಸಂಜೆ ಸೇರಿಸಿ ಏರಿಸಲೂ ಆಗುತ್ತದೆ.

ಲ್ಯಾಪ್‌ಟಾಪ್, ರೂಟರ್ ಎರಡೂ ಒಂದು ಯುಪಿಎಸ್ ಮೇಲಿರಲಿ. ಫೈಬರ್ ಕನೆಕ್ಷನ್‌ನ ಮೋಡೆಮ್ ಪೆಟ್ಟಿಗೆ ಬೇರೆ ಪ್ಲಗ್ಗಿನಲ್ಲಿದ್ದರೆ ಅದನ್ನೂ ಅಲ್ಲಿಗೇ ತನ್ನಿ. ಅದು ಆರಿದರೆ ರೂಟರ್ ಉರಿದೂ ಉಪಯೋಗವಿಲ್ಲ.

ಗಾಬರಿಯಲ್ಲಿ ಸ್ಟಾಪ್ ಸ್ಟ್ರೀಮಿಂಗ್ ಒತ್ತಬೇಡಿ. ಯೂಟ್ಯೂಬ್‌ನ ಲೈವ್ ಪುಟದಲ್ಲಿ ಆಟೋ ಸ್ಟಾಪ್ ಎಂಬ ಆಯ್ಕೆ ಇದೆ. ಅದು ಆನ್ ಆಗಿದ್ದರೆ, ಕಳಿಸುವುದು ನಿಂತ ಮೇಲೆ ಯೂಟ್ಯೂಬ್ ಆ ಪ್ರಸಾರ ಮುಗಿಯಿತೆಂದು ಅದನ್ನು ಮುಚ್ಚುತ್ತದೆ. ಮತ್ತೆ ಶುರುಮಾಡಿದರೆ ಹೊಸ ಲಿಂಕ್ ಆಗುತ್ತದೆ. ಆರಾಧನೆಗೆ ಮೊದಲೇ ಅದನ್ನು ಆಫ್ ಮಾಡಿಟ್ಟರೆ, ಲ್ಯಾಪ್‌ಟಾಪನ್ನೇ ಒಮ್ಮೆ ರೀಸ್ಟಾರ್ಟ್ ಮಾಡಬೇಕಾಗಿ ಬಂದರೂ ಅದೇ ಲಿಂಕ್‌ನಲ್ಲಿ ಪ್ರಸಾರ ಮುಂದುವರಿಯುತ್ತದೆ. ಕೊನೆಯ ಆಶೀರ್ವಾದ ಮುಗಿದ ಮೇಲೆ ಎಂಡ್ ಸ್ಟ್ರೀಮ್ ಗುಂಡಿಯನ್ನು ಮಾತ್ರ ನೀವೇ ಒತ್ತಬೇಕಾಗುತ್ತದೆ.